ಸೌಂಡ್ ಬಾಕ್ಸಿಗೆ ರೊಕ್ಕ ಐತಿ, ಕೆಂಪು ಪಟ್ಟಿಗೆ ಇಲ್ಲ

1/10
ಮೊದಲನೇ ಫೋಟೋ ಝೂಮ್ ಮಾಡಿ ನೋಡ್ರಿ. ಸಂಜೀ ಏಳರ ಸುಮಾರು, ಕಬ್ಬು ತುಂಬಿದ ಎರಡು ಟ್ರೇಲರ್, ಹಿಂದಿನಿಂದ ತೆಗೆದದ್ದು. ಎಷ್ಟು ದೀಪ ಕಾಣಸ್ತಾವು? ಒಂದೂ ಇಲ್ಲ. ಈಗ ಎರಡನೇ ಫೋಟೋ ನೋಡ್ರಿ. ಅದೇ ಟ್ರ್ಯಾಕ್ಟರ್, ಮುಂದಿನಿಂದ. ಬಣ್ಣಬಣ್ಣದ ಸೀರಿಯಲ್ ಸೆಟ್, ಮಡಗಾರ್ಡ್ ಮ್ಯಾಲೆ ಹೂವಿನ ಹಾರ, ಸೀಟಿನ ಎರಡೂ ಬಾಜೂ ಆಳೆತ್ತರದ ಸೌಂಡ್ ಬಾಕ್ಸ್. ಮುಂದ ಜಾತ್ರೆ, ಹಿಂದ ಅಮಾಸಿ.

ಹಂಗಾಮು ಶುರು ಆಗೈತಿ. ಹಂಗಾಗಿ ಈ ಸಲದ ಸರಣಿ ಹಬ್ಬದ ಫೋಟೋ ಅಲ್ಲ, ಹೊಲದ ಫೋಟೋನೂ ಅಲ್ಲ. ಜಗಳಾನ. ಜಗಳ ಯಾರ ಜೋಡಿ ಅಂದ್ರ ನಿಮ್ಮ ಜೋಡಿ, ಅಂದ್ರ ನಮ್ಮ ಮಂದಿ ಜೋಡಿ. ಪೂರಾ ಓದ್ರಿ, ಆಮ್ಯಾಲೆ ಕಮೆಂಟಿನಾಗ ಬೈರಿ.

2/10
ಮೊದಲ ಒಂದು ಮಾತು ಒಪ್ಪಿಕೊಳ್ಳೋಣ. ನಮ್ಮ ಕಡೆ ಮಂದಿಗೆ ಬಿಡೂದು ಬರತೈತಿ. ತ್ಯಾಗ ಅನ್ನೋದು ನಮಗ ಹೊಸಾದಲ್ಲ.

ಕಬ್ಬಿನ ಹಂಗಾಮು ಮತ್ತು ಅಯ್ಯಪ್ಪನ ಮಾಲಿ, ಎರಡೂ ಒಂದೇ ಹೊತ್ತಿಗೆ ಬರತಾವು. ಮಾಲಿ ಹಾಕಿದ ಹುಡುಗ 41 ದಿನ ಗುಟ್ಕಾ ಮುಟ್ಟೂದಿಲ್ಲ, ಶೆರೆ ಮುಟ್ಟೂದಿಲ್ಲ, ಚಳಿಗಾಲದ ನಸುಕಿನ್ಯಾಗ ತಣ್ಣೀರು ಜಳಕ ಮಾಡತಾನ, ಕಾಲಿಗೆ ಚಪ್ಪಲಿ ಹಾಕೂದಿಲ್ಲ. ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರೆ ಹೋಗೋರು ಕಾಲಾಗ ಬೊಬ್ಬಿ ಎದ್ದರೂ ನಿಲ್ಲೂದಿಲ್ಲ. ಶ್ರಾವಣದಾಗ ಒಂದೊಪ್ಪತ್ತು ಮಾಡೋ ಅವ್ವಗಳು ಮನಿಮನಿಗೂ ಅದಾರ.

ಇಲ್ಲೇ ಹತ್ತಿರದ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಶ್ರೀಗಳು ಜೇಬಿಲ್ಲದ ಅಂಗಿ ತೊಟ್ಟೇ ಬದುಕು ಮುಗಿಸಿದರು. 2018ರಲ್ಲಿ ಪದ್ಮಶ್ರೀ ಬಂದಾಗ ಬ್ಯಾಡ ಅಂದರು. 2023ರ ಜನವರಿ 2ರಂದು ಅವರು ಹೋದಾಗ ಇಡೀ ಜಿಲ್ಲೆ ಅತ್ತಿತು. ಇವತ್ತಿಗೂ ಎಷ್ಟೋ ಟ್ರ್ಯಾಕ್ಟರ್ ಮ್ಯಾಲೆ ಅವರ ಫೋಟೋ ಐತಿ.

ಇಂಥ ಮಂದಿಗೆ ಒಂದು ಸೌಂಡ್ ಬಾಕ್ಸ್ ಬಿಡಾಕ ಬರೂದಿಲ್ಲ ಅಂದ್ರ ನಾ ನಂಬೂದಿಲ್ಲ.

3/10
ಈಗ ವಿಷಯಕ್ಕ ಬರೋಣ. ರಾತ್ರಿ ರಸ್ತೆದಾಗ ಏನಾಗತೈತಿ, ಲೆಕ್ಕ ಹಾಕ್ರಿ. ಹತ್ತನೇ ಈಯತ್ತೆ ಗಣಿತ ಸಾಕು.

ಬೈಕ್ ಗಂಟೆಗೆ 60 ಕಿಲೋಮೀಟರ್ ವೇಗದಾಗ ಐತಿ ಅಂದ್ರ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗತೈತಿ. ಮುಂದ ಏನೋ ಐತಿ ಅಂತ ಕಣ್ಣಿಗೆ ಬಿದ್ದು, ತಲಿಗೆ ತಿಳಿದು, ಬ್ರೇಕ್ ಮ್ಯಾಲೆ ಕಾಲು ಬೀಳೂದರಾಗ ಒಂದೂವರೆ ಸೆಕೆಂಡ್ ಹಿಡೀರಿ. ಅಷ್ಟರಾಗ 25 ಮೀಟರ್ ದಾಟಿತು. ಬ್ರೇಕ್ ಹಿಡಿದ ಮ್ಯಾಲೆ ಒಣ ಡಾಂಬರಿನ ಮ್ಯಾಲೂ ನಿಲ್ಲಾಕ ಇನ್ನೊಂದು 20 ಮೀಟರ್ ಬೇಕು. ಒಟ್ಟು 45 ಮೀಟರ್. ಡಿಮ್ ಲೈಟ್ ಹಚ್ಚಿದ ಬೈಕಿಗೆ ಕತ್ತಲದಾಗ ಚೊಲೋ ಕಾಣೂದೂ ಸರಿಸುಮಾರು ಅಷ್ಟೇ ದೂರ. ಎದುರಿಂದ ಒಂದು ಗಾಡಿ ಹೈ ಬೀಮ್ ಹಾಕಿಕೊಂಡು ಬಂತಂದ್ರ ಅದೂ ಇಲ್ಲ.

ಕಬ್ಬಿನ ಟ್ರೇಲರ್ ಬೆಳಕು ತಿರುಗಿ ಕೊಡೂದಿಲ್ಲ. ಒಣ ಸೋಗಿ, ರವದಿ, ಧೂಳು, ಮಣ್ಣು ಎಲ್ಲಾ ಕೂಡಿ ರಸ್ತೆಯ ಬಣ್ಣಾನ ಆಗಿಬಿಟ್ಟಿರತಾವು. ಹಿಂದ ಲೈಟ್ ಇದ್ದರೂ ಜೋತಾಡೋ ಕಬ್ಬು ಅದನ್ನ ಮುಚ್ಚಿರತೈತಿ. ಟ್ರ್ಯಾಕ್ಟರ್ ಓಡೂದು 15, 20ರ ವೇಗದಾಗ. ಹಿಂದಿನವನಿಗೆ ಅದು ನಿಂತ ಗ್ವಾಡೀನ.

ಅದೇ ಟ್ರೇಲರ್ ಹಿಂದ ಕೆಂಪು ರಿಫ್ಲೆಕ್ಟರ್ ಪಟ್ಟಿ ಇದ್ದರ 100 ಮೀಟರ್ ದೂರದಿಂದ ಮಿಂಚತೈತಿ. ಲೆಕ್ಕ ಮುಗೀತು. 45 ಮೀಟರ್ ಬೇಕಾದವನಿಗೆ 100 ಸಿಕ್ಕರ ಮನಿಗೆ ಹೋಗತಾನ.

4/10
ಇದು ನಾ ಹೇಳೋ ಹೊಸ ಕಾನೂನಲ್ಲ. ಹಿಂದ ಎರಡೂ ಬಾಜೂ ಕೆಂಪು ರಿಫ್ಲೆಕ್ಟರ್ ಇರಬೇಕು ಅನ್ನೋದು ಕೇಂದ್ರ ಮೋಟಾರು ವಾಹನ ನಿಯಮದಾಗ ಐತಿ, ಟ್ರೇಲರಿಗೂ ಅದು ಅನ್ವಯ. ಟ್ರೇಲರಿಗೂ ನೋಂದಣಿ ಬೇಕು, ವಿಮಾ ಬೇಕು. ನಿಮ್ಮ ಓಣ್ಯಾಗ ನಿಂತ ಟ್ರೇಲರ್ ಹಿಂದ ನಂಬರ್ ಪ್ಲೇಟ್ ಐತೇನು, ಇವತ್ತ ಹೋಗಿ ನೋಡ್ರಿ.

ಈಗ ದರ ನೋಡ್ರಿ. ಎರಡು ಟ್ರೇಲರಿಗೆ ಪಟ್ಟಿ ಹಚ್ಚಾಕ ಕೆಲವು ನೂರು ರೂಪಾಯಿ. ಆಳೆತ್ತರದ ಬಾಕ್ಸ್, ಆಂಪ್ಲಿಫೈಯರ್, ಬ್ಯಾಟರಿ, ಬಣ್ಣದ ಲೈಟ್, ಎಲ್ಲಾ ಕೂಡಿ ಹತ್ತಾರು ಸಾವಿರ. "ರೊಕ್ಕ ಇಲ್ಲ" ಅನ್ನೋ ಮಾತು ದಯವಿಟ್ಟು ಈ ವಿಷಯದಾಗ ಹೇಳಬ್ಯಾಡ್ರಿ. ರೊಕ್ಕ ಐತಿ. ಎದಕ್ಕ ಖರ್ಚು ಮಾಡಬೇಕು ಅನ್ನೋದರಾಗ ನಾವು ತಪ್ಪಿದ್ದೀವಿ.

ಬಾಕ್ಸಿನ ಸಮಸ್ಯಾ ಬರೇ ಖರ್ಚಿಂದಲ್ಲ. ಆ ಸಪ್ಪಳದಾಗ ಹಿಂದಿನ ಹಾರ್ನ್ ಡ್ರೈವರಗ ಕೇಳಿಸೂದಿಲ್ಲ. ಟ್ರೇಲರಿನ ಪಿನ್ ಬಿಟ್ಟ ಸಪ್ಪಳ ಕೇಳಿಸೂದಿಲ್ಲ. ಹಿಂದ ಹುಡುಗೂರು ಜೋತುಬಿದ್ದದ್ದು ಕೇಳಿಸೂದಿಲ್ಲ. ಚೀರಿದ್ರೂ ಕೇಳಿಸೂದಿಲ್ಲ.

5/10
"ಹಾಡಿಲ್ಲದ ನಿದ್ದಿ ಬರತೈತಿ" ಅಂತೀರಿ. ಹೌದು, ಈ ಮಾತಿನಾಗ ನ್ಯಾಯ ಐತಿ. ಡ್ರೈವರನ್ನ ಒಬ್ಬನ್ನ ಕಟಕಟ್ಯಾಗ ನಿಲ್ಲಸೂದು ಸರಿಯಲ್ಲ. ಹಗಲೆಲ್ಲಾ ಹೊಲದಾಗ ಲೋಡು, ರಾತ್ರಿ ಕಾರ್ಖಾನಿ ಮುಂದ ಪಾಳಿ. ಕಡಿಯೋ ಗ್ಯಾಂಗ್ ಬಂದಾಗ ತುಂಬಬೇಕು, ಇಲ್ಲಾಂದ್ರ ಗ್ಯಾಂಗ್ ಮುಂದಿನ ಹೊಲಕ್ಕ ಹೋಗತೈತಿ. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಡಿಮಿ. ಬಾಡಿಗಿ ಟನ್ನಿನ ಲೆಕ್ಕದಾಗ, ಅದಕ್ಕ ಒಂದು ಟ್ರಿಪ್ಪಿನ್ಯಾಗ ಎಷ್ಟು ಹಿಡಿಸತೈತೋ ಅಷ್ಟು. ಮನ್ಯಾಗ ಟ್ರ್ಯಾಕ್ಟರಿನ ಸಾಲದ ಕಂತು ಕಾಯತಿರತೈತಿ.

ಇದೆಲ್ಲಾ ಖರೇ. ಆದ್ರ ಉತ್ತರ ಎಲ್ಲಿಗೆ ಬಂತು ನೋಡ್ರಿ. ನಿದ್ದಿ ಬಂದವನಿಗೆ ಬೇಕಾಗಿದ್ದು ನಿದ್ದಿ, ಹಾಡಲ್ಲ. ಎರಡನೇ ಡ್ರೈವರ್ ಇಡ್ರಿ. ರಾತ್ರಿ ಒಂದು ಟ್ರಿಪ್ ಬಿಡ್ರಿ. ಕಣ್ಣು ಕೂಡಿ ಬರೋವಾಗ ಹಾಡು ಏರಿಸೂದು ಅಂದ್ರ ಜ್ವರ ಬಂದಾಗ ಥರ್ಮಾಮೀಟರ್ ಒಡದಂಗ.

ಮಾಲಕರೇ, ಈ ಮಾತು ನಿಮಗ. ಗಾಡಿ ನಿಮ್ಮದು, ರಾತ್ರಿ ಹಾಸಿಗಿ ಮ್ಯಾಲೆ ಮಲಗೋರೂ ನೀವು. ಹುಡುಗ ಹೊಡದಾಡಿ ದುಡೀತಾನ ಅಂತ ಹೊಗಳಿದ್ರ ಅವನ ಕಣ್ಣಿಗೆ ವಿಶ್ರಾಂತಿ ಸಿಗೂದಿಲ್ಲ.

6/10
ಈಗ ಬೈಕಿನವರ ಕಡೆ ತಿರುಗೋಣ. ಇಷ್ಟೊತ್ತು ಓದಿ "ಕರೆಕ್ಟ್ ಅಣ್ಣಾ, ಈ ಟ್ರ್ಯಾಕ್ಟರಿನವರಿಗೆ ಹಿಂಗ ಹೇಳಬೇಕು" ಅಂದ್ರೇನು? ನಿಮ್ಮ ಹೆಲ್ಮೆಟ್ ಎಲ್ಲೈತಿ?

ಗೊತ್ತೈತಿ. ಮನ್ಯಾಗ ಗೂಟಕ್ಕ ಐತಿ. ಇಲ್ಲಾಂದ್ರ ಮೊಣಕೈಗೆ ಐತಿ, ವಿಜಯಪುರ ಸಿಟಿ ಒಳಗ ಪೊಲೀಸರು ಕಂಡಾಗ ತಲಿಗೆ ಹೋಗತೈತಿ. ಕರ್ನಾಟಕದಾಗ ಹೆಲ್ಮೆಟ್ ಇಲ್ಲದಿದ್ರ ದಂಡ 500 ರೂಪಾಯಿ. ನಾವು ಹೆದರೂದು ಆ 500ಕ್ಕ, ಡಾಂಬರಿಗೆ ಅಲ್ಲ.

ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491. ದಿನಕ್ಕ ಸುಮಾರು 462 ಮಂದಿ. ಅದರಾಗ ನೂರಕ್ಕ 44ಕ್ಕಿಂತ ಹೆಚ್ಚು ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೇ ಸತ್ತವರು 50 ಸಾವಿರ. ಅವರಾಗ 14 ಸಾವಿರಕ್ಕೂ ಹೆಚ್ಚು ಮಂದಿ ಹಿಂದ ಕುಂತವರು. ಹಿಂದ ಕುಂತವರು ಅಂದ್ರ ಯಾರು? ಸಂತಿಗೆ ಕರಕೊಂಡು ಹೋದ ಹೆಂಡತಿ, ದವಾಖಾನಿಗೆ ಕರಕೊಂಡು ಹೊಂಟ ಅವ್ವ, ಕಾಲೇಜಿಗೆ ಬಿಡಾಕ ಹೊಂಟ ತಂಗಿ. ಅವರ ತಲಿ ತಲಿ ಅಲ್ಲೇನು?

ಕೂದಲ ಕೆಡತೈತಿ, ಸೆಕಿ ಆಗತೈತಿ, ಇಲ್ಲೇ ಹೊಲಕ್ಕ ಹೋಗಿ ಬರತೀನಿ. ಈ ಮೂರು ಮಾತು ಬಿಟ್ಟು ನಾಲ್ಕನೇದು ಇದ್ರ ಕಮೆಂಟಿನಾಗ ಬರೀರಿ.

7/10
ಇನ್ನ ಸಣ್ಣಸಣ್ಣ ಚಟ. ಇವನ್ನ ಯಾರೂ ಅಪರಾಧ ಅನ್ನೂದಿಲ್ಲ, ಅದಕ್ಕ ಬರೀತಿದ್ದೀನಿ.

ಗುಟ್ಕಾ 2013ರಾಗ ಕರ್ನಾಟಕದಾಗ ಬಂದ್ ಆತು. ಬಂದ್ ಆದ ಮ್ಯಾಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಅಂತ ಬ್ಯಾರೆ ಬ್ಯಾರೆ ಮಾರಾಕ ಹತ್ತಿದ್ರು. ಎರಡು ಚೀಟಿ ಹರಿದು ಕೂಡಸಾಕ ಎರಡೂ ಕೈ ಬೇಕು. ಓಡೋ ಬೈಕಿನ ಹ್ಯಾಂಡಲ್ ಬಿಟ್ಟು ಆ ಕೆಲಸ ಮಾಡೋರನ್ನ ನೀವೂ ನೋಡೀರಿ. ಬಾಯಿ ಕ್ಯಾನ್ಸರಿಗೆ ಕಾಯೂ ಅವಶ್ಯಕತೇನ ಇಲ್ಲ, ರಸ್ತೆನ ಮೊದಲ ಬರತೈತಿ.

ಕಬ್ಬು ಹಿರಿಯೋದು. ಇದು ನಮ್ಮ ಕಡೆ ಹುಡುಗೂರ ಆಟ. ಶಾಲಿ ಬಿಟ್ಟ ಹೊತ್ತು, ಟ್ರ್ಯಾಕ್ಟರ್ ಸ್ಲೋ ಆತು, ಹಿಂದ ಓಡಿ ಒಂದು ಜಲ್ಲೆ ಹಿರಿಯೋದು. ದೊಡ್ಡವರು ಕಟ್ಟಿ ಮ್ಯಾಲೆ ಕುಂತು ನಗತಾರ, "ನಾವೂ ಹಿರಿದಿದ್ವಿ" ಅಂತಾರ. ಆದ್ರ ಎರಡು ಟ್ರೇಲರಿನ ನಡುವಿನ ಸಂದಿನ್ಯಾಗ ಕಾಲು ಜಾರಿದ ಹುಡುಗನ್ನ ಡ್ರೈವರ್ ನೋಡೂ ಮಾತೇ ಇಲ್ಲ. ಮಗ ಕಬ್ಬು ಬೇಡಿದ್ರ ಹೊಲದಿಂದ ಒಂದು ಹೊರಿ ತಂದು ಮನ್ಯಾಗ ಒಗೀರಿ. ಜೈನಾಪುರದಾಗ ಕಬ್ಬಿಗೆ ಬರಾ ಇಲ್ಲ.

ಕಲ್ಲು. ಟ್ರೇಲರ್ ಪಂಕ್ಚರ್ ಆದ್ರ ಗಾಲಿಗೆ, ಸುತ್ತಮುತ್ತ ಕಲ್ಲಿಡತಾರ. ಗಾಡಿ ರಿಪೇರಿ ಆಗಿ ಹೋಗತೈತಿ, ಕಲ್ಲು ನಡುರಸ್ತೆದಾಗ ಉಳೀತಾವು. ರಾತ್ರಿ ಯಾವನೋ ಹಾಲಿನ ಕ್ಯಾನ್ ಕಟ್ಟಿಕೊಂಡು ಬರೋನು ಅದರ ಮ್ಯಾಲೆ ಹತ್ತತಾನ. ಎರಡು ನಿಮಿಷ ಬಗ್ಗಿ ಕಲ್ಲು ಬಾಜೂಕ ಸರಿಸೂದೂ ದೊಡ್ಡ ತ್ಯಾಗ ಆತೇನು?

8/10
"ಹಣೇಬರಹ ರೀ, ಯಾರೇನು ಮಾಡಾಕ ಬರತೈತಿ" ಅನ್ನೋ ಹಿರಿಯರಿಗೆ ಕೈಮುಗಿದು ಒಂದು ಮಾತು. ನೀವು ದ್ರಾಕ್ಷಿಗೆ ಹಂಗ ಬಿಡೂದಿಲ್ಲ. ಮ್ವಾಡ ಆತಂದ್ರ ರಾತ್ರೋರಾತ್ರಿ ಎಣ್ಣಿ ಹೊಡೀತೀರಿ, ಹವಾಮಾನ ನೋಡತೀರಿ. ಬೆಳಿಗೆ ಹಣೇಬರಹ ಅನ್ನದವರು ಮಗನಿಗೆ ಯಾಕ ಅಂತೀರಿ? (ಎಣ್ಣಿ ಹೊಡಿಯೋವಾಗ ಮೂಗಿಗೆ ಬಟ್ಟಿನೂ ಕಟ್ಟೂದಿಲ್ಲ, ಅದಕ್ಕ ಬ್ಯಾರೆ ಸರಣಿ ಬರೀಬೇಕು.)

"ನಮ್ಮ ಕೈಯಾಗ ಏನೈತಿ" ಅನ್ನೋರಿಗೆ ಇನ್ನೊಂದು ಮಾತು. 2025ರ ನವೆಂಬರಿನ್ಯಾಗ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನ್ಯಾಗ ಕಬ್ಬಿನ ರೈತರು ದರಕ್ಕಾಗಿ ದಿನಗಟ್ಟಲೆ ಕುಂತರು. ಚಳಿ ಅನ್ನಲಿಲ್ಲ, ಹಗಲು ರಾತ್ರಿ ಅನ್ನಲಿಲ್ಲ. ಕಡೀಕ ಸರ್ಕಾರ ಟನ್ನಿಗೆ 3,300 ರೂಪಾಯಿ ತನಕ ಬಂತು. ಅದು ನ್ಯಾಯದ ಹೋರಾಟ. ಸರ್ಕಾರಾನ ಮಣಿಸಿದ ಮಂದಿಗೆ ತಮ್ಮ ಟ್ರೇಲರ್ ಹಿಂದ ಎರಡು ಪಟ್ಟಿ ಅಂಟಿಸೂದು ಕೈಲಾಗದ ಕೆಲಸ ಅಲ್ಲ. ಟನ್ನಿಗೆ 50 ರೂಪಾಯಿ ಹೆಚ್ಚು ಬರಲಿ ಅಂತ ಬಡಿದಾಡೋ ನಾವು, ಆ ರೊಕ್ಕ ಎಣಿಸಾಕ ಮನ್ಯಾಗ ಮನಷಾ ಉಳೀಬೇಕು ಅನ್ನೋದನ್ನ ಯಾವ ಸಭಾದಾಗ ಮಾತಾಡೀವಿ?

9/10
ಹಂಗಾದ್ರ ಏನು ಮಾಡಬೇಕು? ಉಪದೇಶ ಸಾಕು, ಕೆಲಸ ಹೇಳತೀನಿ.

ಕಾರ್ಖಾನಿಯವರಿಗೆ: ನಿಮ್ಮ ಕಾಟಾ ದಾಟದೇ ಒಂದು ಜಲ್ಲೆ ಕಬ್ಬೂ ಒಳಗ ಬರೂದಿಲ್ಲ. ಹಂಗಿದ್ದ ಮ್ಯಾಲೆ ಬಗೆಹರಿಸೂದು ನಿಮ್ಮ ಕೈಯಾಗೈತಿ. ಪಟ್ಟಿ ಇಲ್ಲದ ಟ್ರೇಲರಿಗೆ ಪಾಳಿ ನಂಬರ್ ಕೊಡಬ್ಯಾಡ್ರಿ. ಕಾಟಾ ಮುಂದನ ಪಟ್ಟಿ ಹಚ್ಚಿ ಬಾಡಿಗ್ಯಾಗ ರೊಕ್ಕ ಹಿಡೀರಿ, ಯಾರೂ ತಕರಾರು ಮಾಡೂದಿಲ್ಲ. ಹಂಗಾಮಿನ ಶುರುವಿನ್ಯಾಗ ಪೊಲೀಸರನ್ನ ಕರಸಿ ಹತ್ತು ಟ್ರೇಲರಿಗೆ ಪಟ್ಟಿ ಅಂಟಿಸಿ ಫೋಟೋ ತೆಗೆಸಿಕೊಂಡರ ಸಾಲೂದಿಲ್ಲ. ಹನ್ನೊಂದನೇ ಟ್ರೇಲರಿನ ಹಿಂದ ಬರೋನಿಗೂ ಮನಿ ಐತಿ.

ಮಾಲಕರಿಗೆ: ಪಟ್ಟಿ ಹಚ್ಚೂದು ಒಂದು ದಿನದ ಕೆಲಸ, ಒರೆಸೂದು ದಿನಾ ಕೆಲಸ. ಧೂಳು ಕುಂತ ಪಟ್ಟಿ ಇದ್ದೂ ಇಲ್ಲದಂಗ. ಕಬ್ಬು ತುಂಬಿದ ಮ್ಯಾಲೆ ಲೈಟ್ ಕಾಣಸತೈತೇನು ಅಂತ ಹಿಂದ ನಿಂತು ನೋಡ್ರಿ.

ಬೈಕಿನವರಿಗೆ: ಎರಡು ಹೆಲ್ಮೆಟ್. ರಾತ್ರಿ 40ರ ಮ್ಯಾಲೆ ಬ್ಯಾಡ. ಎದುರಿನ ಲೈಟ್ ಕಣ್ಣಿಗೆ ಬಿದ್ದ ಕೂಡಲೇ ಆಕ್ಸಲರೇಟರ್ ಬಿಡ್ರಿ, ಏನೂ ಕಾಣದ ಜಾಗಾದಾಗ ಏನೋ ಐತಿ ಅಂತ ತಿಳೀರಿ.

ಎಲ್ಲಾರಿಗೂ: ಬಿದ್ದವರನ್ನ ಕಂಡ್ರ ವಿಡಿಯೋ ಬಂದ್ ಮಾಡಿ 108ಕ್ಕ ಇಲ್ಲಾ 112ಕ್ಕ ಫೋನ್ ಹಚ್ರಿ. "ಕೇಸ್ ಆಗತೈತಿ" ಅಂತ ಹೆದರಬ್ಯಾಡ್ರಿ, ಒಳ್ಳೇ ಮನಸ್ಸಿಂದ ನೆರವಾದವರ ಮ್ಯಾಲೆ ಕೇಸ್ ಹಾಕಾಕ ಬರೂದಿಲ್ಲ ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಐತಿ. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳ ತನಕ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡೋ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲೈತಿ. ದವಾಖಾನ್ಯಾಗ ಈ ಮಾತು ಎತ್ತಿ ಕೇಳ್ರಿ.

10/10
ತುಬಚಿ-ಬಬಲೇಶ್ವರ ಏತ ನೀರಾವರಿ, ಮುಳವಾಡ ಏತ ನೀರಾವರಿ ಅಂತ ಈ ಭಾಗಕ್ಕ ನೀರು ಬಂತು. ಒಣಭೂಮಿದಾಗ ಹಸಿರು ಕಂಡ್ವಿ, ಕಬ್ಬು ಕಂಡ್ವಿ, ಮನಿಮನಿಗೆ ಟ್ರ್ಯಾಕ್ಟರ್ ಕಂಡ್ವಿ. ಅದು ಸುಮ್ಮನ ಬಂದಿದ್ದಲ್ಲ, ಕಾದು ಕಾದು ಬಂದಿದ್ದು. ಟ್ರ್ಯಾಕ್ಟರಿಗೆ ಹಾರ ಹಾಕ್ರಿ, ಬೇಕಾದ್ರ ಪೂಜಿ ಮಾಡ್ರಿ, ಹೊಲದಾಗ ನಿಲ್ಲಿಸಿ ಹಾಡು ಹಚ್ಚಿ ಕುಣೀರಿ. ಯಾರೂ ಬ್ಯಾಡ ಅನ್ನೂದಿಲ್ಲ.

ನಾ ಕೇಳೂದು ಇಷ್ಟ. ಗಾಡಿ ರಸ್ತೆಗೆ ಬಂದ ಮ್ಯಾಲೆ ಹಾಡು ಬಂದ್, ಪಟ್ಟಿ ಚಾಲೂ. 41 ದಿನ ಚಪ್ಪಲಿ ಬಿಟ್ಟವರಿಗೆ ಹಂಗಾಮಿನ ನಾಲ್ಕು ತಿಂಗಳು ಇದೊಂದು ಬಿಡಾಕ ಆಗಲಿಕ್ಕಿಲ್ಲೇನು?

ಇವತ್ತ ಸಂಜೀಕ ನಿಮ್ಮ ಮನಿ ಮುಂದಿನ ಟ್ರೇಲರಿನ ಹಿಂದಿನ ಫೋಟೋ ತೆಗೀರಿ, ಫ್ಲ್ಯಾಶ್ ಹಾಕಿ. ಮಿಂಚಿದ್ರ ಸ್ಟೋರಿ ಹಾಕಿ ನಮಗ ಟ್ಯಾಗ್ ಮಾಡ್ರಿ. ಮಿಂಚದಿದ್ರ ಸ್ಟೋರಿ ಬ್ಯಾಡ, ನಾಳೆ ಪ್ಯಾಟಿಗೆ ಹೋಗಿ ಪಟ್ಟಿ ತರ್ರಿ. ಟ್ರ್ಯಾಕ್ಟರ್ ಇದ್ದ ಒಬ್ಬ ಕಾಕಾಗ, ಬೈಕ್ ಇದ್ದ ಒಬ್ಬ ತಮ್ಮಗ ಈ ಪೋಸ್ಟ್ ಕಳಿಸ್ರಿ.

#ಜೈನಾಪುರ #ಬಬಲೇಶ್ವರ #ತಿಕೋಟಾ #ವಿಜಯಪುರ #ಕಬ್ಬಿನಹಂಗಾಮು #ಕೆಂಪುಪಟ್ಟಿ #ಎರಡುಹೆಲ್ಮೆಟ್