ರಜೆ ಕೇಳಿದ್ದಕ್ಕೆ ರಾಜದ್ರೋಹ

ನನ್ನ ದೊಡ್ಡಪ್ಪನ ಮಗ ಪೊಲೀಸ್ ಕಾನ್‌ಸ್ಟೇಬಲ್. ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದ ವರ್ಷವೇ ಅವನೂ ಟ್ರೈನಿಂಗ್ ಮುಗಿಸಿ ಠಾಣೆ ಸೇರಿದ. ಊರಲ್ಲಿ ಇಬ್ಬರಿಗೂ ಒಟ್ಟಿಗೆ ಹಾರ ಹಾಕಿದ್ರು. ಅವನ ಹಾರ ಸ್ವಲ್ಪ ದಪ್ಪಗಿತ್ತು, ಯಾಕಂದ್ರೆ ಅವನದು ಸರ್ಕಾರಿ ಕೆಲಸ.

ದೊಡ್ಡಮ್ಮ ತೀರಿಕೊಂಡು ವರ್ಷ ತುಂಬಿದ ದಿನ ಎಡೆ ಇಡಬೇಕಿದ್ದವನು ಇವನೇ, ಒಬ್ಬನೇ ಮಗ. ಹದಿನೈದು ದಿನ ಮುಂಚೆಯೇ ರಜೆ ಬರೆದುಕೊಟ್ಟಿದ್ದ. ಹಿಂದಿನ ಸಂಜೆ ಸಾಹೇಬರು ‘ನಾಳೆ ಮಂತ್ರಿಗಳ ಬಂದೋಬಸ್ತ್ ಇದೆ, ರಜೆ ಗಿಜೆ ಇಲ್ಲ’ ಅಂದ್ರು. ಬೆಳಗ್ಗೆ ಐದರಿಂದ ಒಂದು ಸರ್ಕಲ್‌ನಲ್ಲಿ ನಿಂತ. ಕಾರುಗಳು ಹೋಗೋಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಅವನು ಊರು ಮುಟ್ಟಿದಾಗ ರಾತ್ರಿ ಹತ್ತೂವರೆ. ಯೂನಿಫಾರ್ಮಿನಲ್ಲೇ, ಬೂಟು ಬಿಚ್ಚಿ, ಕಾಲು ತೊಳೆದು ಎಡೆ ಇಟ್ಟ. ಅಲ್ಲಿವರೆಗೂ ಮನೆಯಲ್ಲಿ ಯಾರೂ ಉಂಡಿರಲಿಲ್ಲ.

ಪೊಲೀಸರ ಮನೋಸ್ಥೈರ್ಯ ಹೆಚ್ಚಿಸಲು ಸರ್ಕಾರ ಬದ್ಧ ಅನ್ನೋ ಭಾಷಣ ಕೇಳಿದಾಗಲೆಲ್ಲ ನನಗೆ ಆ ಬೂಟು ನೆನಪಾಗುತ್ತೆ.

2016ರ ಜೂನ್ 4 ನಿಮಗೆ ನೆನಪಿದೆಯಾ? ಕರ್ನಾಟಕದ ಪೊಲೀಸರು ಅವತ್ತು ಸಾಮೂಹಿಕ ರಜೆ ಹಾಕ್ತೀವಿ ಅಂದಿದ್ರು. ಬೇಡಿಕೆಗಳಲ್ಲಿ ಕ್ರಾಂತಿ ಏನೂ ಇರಲಿಲ್ಲ. ಬೇರೆ ರಾಜ್ಯಗಳಷ್ಟು ಸಂಬಳ ಕೊಡಿ, ವಾರಕ್ಕೊಂದು ರಜೆ ಕೊಡಿ, ಮೇಲಧಿಕಾರಿಗಳ ಕಿರುಕುಳ ನಿಲ್ಲಿಸಿ, ಅವರ ಮನೆಯಲ್ಲಿ ಆರ್ಡರ್ಲಿ ಕೆಲಸಕ್ಕೆ ಹಾಕಬೇಡಿ. ನಾಯಿ ವಾಕಿಂಗ್ ಮಾಡಿಸೋಕೆ, ಸಾಹೇಬರ ಮನೆ ತರಕಾರಿ ತರೋಕೆ ಯಾರೂ ದೈಹಿಕ ಪರೀಕ್ಷೆಯಲ್ಲಿ ಓಡಿ ಪಾಸಾಗಿ ಬಂದಿರಲ್ಲ.

ಸರ್ಕಾರ ಏನು ಮಾಡ್ತು? ಎಸ್ಮಾ ಜಾರಿ ಮಾಡ್ತು. ರಜೆಗೆ ಕರೆ ಕೊಟ್ಟ ಪೊಲೀಸ್ ಮಹಾಸಂಘದ ಅಧ್ಯಕ್ಷರನ್ನ ಬಂಧಿಸಿ ರಾಜದ್ರೋಹದ ಕೇಸು ಹಾಕ್ತು. ಸೆಕ್ಷನ್ 124ಎ! ಬ್ರಿಟಿಷರು ತಿಲಕರ ಮೇಲೆ, ಗಾಂಧಿಯವರ ಮೇಲೆ ಹಾಕಿದ ಸೆಕ್ಷನ್. ರಜೆ ಕೇಳಿ ಅಂದವರ ಮೇಲೆ ಅದು ಬಿತ್ತು. ಜೂನ್ 4ರಂದು ಹೆಚ್ಚುಕಡಿಮೆ ಎಲ್ಲರೂ ತೆಪ್ಪಗೆ ಡ್ಯೂಟಿಗೆ ಬಂದ್ರು. ಸಮಸ್ಯೆ ಬಗೆಹರಿದು ಬಂದವರಲ್ಲ, ಹೆದರಿ ಬಂದವರು.

ಆಮೇಲೆ ಔರಾದ್ಕರ್ ಸಮಿತಿ ಸಂಬಳದ ಬಗ್ಗೆ ವರದಿ ಕೊಟ್ಟಿತು. ಅದು ಜಾರಿಗೆ ಬಂದಿದ್ದು 2019ರಲ್ಲಿ. ಎಸ್ಮಾ ಹಾಕೋಕೆ ಕೆಲವು ದಿನ ಸಾಕಾಯ್ತು, ಸಂಬಳ ಸರಿಮಾಡೋಕೆ ಮೂರು ವರ್ಷ ಬೇಕಾಯ್ತು.

ಇಷ್ಟು ಹೇಳಿದ ತಕ್ಷಣ ಆಫೀಸ್ ಕ್ಯಾಂಟೀನಲ್ಲಿ ನನಗೆ ಸಿಗೋ ಮೊದಲ ಉತ್ತರ: ‘ಗುರೂ, ಕೈಯಲ್ಲಿ ಬಂದೂಕು ಇರೋರು ಸಂಘ ಕಟ್ಟಿದ್ರೆ ಏನಾಗುತ್ತೆ?’ ತಳ್ಳಿಹಾಕೋ ಪ್ರಶ್ನೆಯಲ್ಲ. 1973ರಲ್ಲಿ ಉತ್ತರ ಪ್ರದೇಶದ ಪಿಎಸಿ ಪಡೆ ಬಂಡೆದ್ದಾಗ ಸೇನೆಯನ್ನೇ ಕರೆಸಬೇಕಾಯ್ತು, ಕಮಲಾಪತಿ ತ್ರಿಪಾಠಿ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಆದ್ರೆ ಮುಷ್ಕರ ಬೇರೆ, ಅಹವಾಲು ಹೇಳೋದು ಬೇರೆ. 1918ರಲ್ಲಿ ಲಂಡನ್ ಪೊಲೀಸರೇ ಮುಷ್ಕರ ಮಾಡಿದ್ರು. ಮಾರನೇ ವರ್ಷ ಬ್ರಿಟಿಷ್ ಸರ್ಕಾರ ತಂದ ಕಾನೂನು ಪೊಲೀಸರು ಯೂನಿಯನ್ ಸೇರೋದನ್ನ ನಿಷೇಧಿಸಿತು, ಜೊತೆಗೇ ಅವರ ಕಷ್ಟ ಹೇಳಿಕೊಳ್ಳೋಕೆ ಪೊಲೀಸ್ ಫೆಡರೇಶನ್ ಅಂತ ಒಂದು ಸಂಸ್ಥೆಯನ್ನೂ ಕಟ್ಟಿಕೊಟ್ಟಿತು. ಅದು ಇವತ್ತಿಗೂ ಇದೆ. ನಾವು ಅವರಿಂದ ರಾಜದ್ರೋಹ ಮಾತ್ರ ಇಟ್ಟುಕೊಂಡ್ವಿ.

ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ ಪೊಲೀಸರ ಸಂಘ ದಶಕಗಳಿಂದ ಇದೆ. ಪೊಲೀಸರ ಹಕ್ಕುಗಳನ್ನ ನಿರ್ಬಂಧಿಸೋ 1966ರ ಕೇಂದ್ರ ಕಾಯ್ದೆ ಅಲ್ಲಿಗೂ ಅದೇ, ಇಲ್ಲಿಗೂ ಅದೇ. ಅದು ಅನುಮತಿ ಇಲ್ಲದೆ ಸಂಘ ಬೇಡ ಅನ್ನುತ್ತೆ, ಅಷ್ಟೇ. ಅನುಮತಿ ಕೊಡೋ ಮನಸ್ಸು ನಮ್ಮಲ್ಲಿ ಯಾವ ಪಕ್ಷಕ್ಕೂ ಬಂದಿಲ್ಲ.

ಎರಡನೇ ಉತ್ತರ ನಮ್ಮದೇ: ‘ಲಂಚ ತಿಂತಾರಲ್ಲ, ಅನುಭವಿಸಲಿ ಬಿಡು.’ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ನಾನೂ ಕೊಟ್ಟಿದ್ದೀನಿ, ಕೊಟ್ಟು ಬೈದಿದ್ದೀನಿ. ನಮ್ಮಣ್ಣನ ಇಲಾಖೆ ಅಂತ ಅದನ್ನ ಸಮರ್ಥಿಸೋಕೆ ಹೊರಟಿಲ್ಲ. ಬೀದಿ ವ್ಯಾಪಾರಿಯ ತಳ್ಳುಗಾಡಿಗೆ ಲಾಠಿ ಬೀಸೋದನ್ನೂ ಸಮರ್ಥಿಸಲ್ಲ. ಆದ್ರೆ ಹದಿನಾಲ್ಕು ಗಂಟೆ ನಿಂತು, ವೈರ್‌ಲೆಸ್‌ನಲ್ಲಿ ಎಲ್ಲರಿಗೂ ಕೇಳೋ ಹಾಗೆ ಬೈಸಿಕೊಂಡ ಮನುಷ್ಯ ಆ ಸಿಟ್ಟನ್ನ ಸಾಹೇಬರ ಮೇಲೆ ತೀರಿಸಿಕೊಳ್ಳೋಕಾಗುತ್ತಾ? ತಳ್ಳುಗಾಡಿಯವನೇ ಹತ್ತಿರ ಸಿಗೋದು. ನನಗೆ ರಾತ್ರಿ ಎರಡಕ್ಕೆ ಸರ್ವರ್ ಬಿದ್ದಿದೆ ಅಂತ ಫೋನ್ ಬಂದ್ರೆ ಮಾರನೇ ದಿನ ಕಾಂಪ್-ಆಫ್. ಜೊತೆಗೆ ‘ನೀವು ಸಂತೋಷವಾಗಿದ್ದೀರಾ’ ಅಂತ ಎಚ್‌ಆರ್ ಕಡೆಯಿಂದ ಸರ್ವೆ (ಅದನ್ನ ನಾನು ಯಾವತ್ತೂ ತುಂಬಿಲ್ಲ, ಬೇರೆ ಮಾತು). ಅಣ್ಣನಿಗೆ ಗಣೇಶನ ಹಬ್ಬ, ಎಲೆಕ್ಷನ್, ಐಪಿಎಲ್, ಹೊಸ ವರ್ಷದ ರಾತ್ರಿ ಎಲ್ಲವೂ ಬಂದೋಬಸ್ತ್. ಎಂ.ಜಿ. ರಸ್ತೆಯಲ್ಲಿ ನಾವು ಕುಣಿಯೋ ರಾತ್ರಿಗೆ ಬೇರೆ ಜಿಲ್ಲೆಗಳಿಂದ ಪೊಲೀಸರನ್ನ ಕರೆಸಿದಾಗ ಅವರು ಎಲ್ಲಿ ಮಲಗ್ತಾರೆ ಅಂತ ನಾನು ಒಂದು ಸಲ ಅಣ್ಣನ್ನ ಕೇಳಿದ್ದೆ. ಕಲ್ಯಾಣ ಮಂಟಪ, ಇಲ್ಲಾಂದ್ರೆ ವ್ಯಾನಿನಲ್ಲೇ ಅಂದ.

ಪದಕ ಬೇಡ, ಹುತಾತ್ಮರ ದಿನದ ಭಾಷಣವೂ ಸಾಕು. ಖಾಲಿ ಹುದ್ದೆ ತುಂಬಿ, ಎಂಟು ಗಂಟೆಯ ಪಾಳಿ ಮಾಡಿ. ಆರ್ಡರ್ಲಿ ಬೇಕು ಅನ್ನೋ ಸಾಹೇಬರು ಸ್ವಂತ ದುಡ್ಡಲ್ಲಿ ಆಳು ಇಟ್ಟುಕೊಳ್ಳಲಿ. ಮಂಜೂರಾದ ರಜೆ ರದ್ದು ಮಾಡಿದ್ರೆ ಯಾಕೆ ಅಂತ ಬರವಣಿಗೆಯಲ್ಲಿ ಕೊಡಲಿ. ದೂರು ಕೇಳೋಕೆ ಠಾಣೆಯ ಮೇಲಿನವರಲ್ಲದ ಒಬ್ಬರು ಇರಲಿ. ಇದರಲ್ಲಿ ದೇಶ ಒಡೆಯೋದು ಏನಿದೆ?

ಬರೆದ ಮೇಲೆ ಅಣ್ಣನಿಗೆ ಫೋನ್ ಮಾಡಿ ಇಷ್ಟನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನನ್ನ ಹೆಸರು ಹಾಕಿಲ್ಲ ತಾನೆ? ಠಾಣೆ ಹೆಸರಿರೋ ಆ ಎರಡು ಸಾಲು ತೆಗೆದುಬಿಡು ಕಣೋ’ ಅಂದ. ತೆಗೆದಿದ್ದೀನಿ.