ಅಪ್ಪನ ಉಳಿ, ಅವ್ವನ ಕೌದಿ

ಮನೆ ಬದಲಿಸುತ್ತೀವಿ ಅಂದರೆ ಎಲ್ಲರೂ ಮೊದಲು ಕೇಳುವುದು ಫ್ರಿಡ್ಜ್ ಹೇಗೆ ಒಯ್ತೀರಿ, ಟೀವಿಗೆ ಏನು ಸುತ್ತೀರಿ ಅಂತ. ಉಳಿ, ಬಾಚಿ, ಗರಗಸ, ರಂದಾ ಹೇಗೆ ಒಯ್ತೀರಿ ಅಂತ ನನ್ನನ್ನು ಯಾರೂ ಕೇಳಲಿಲ್ಲ. 2019ರಲ್ಲಿ ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಆಗಿತ್ತು, ಆದರೆ ಕಬ್ಬಿಣಕ್ಕೆ ಯಾಕೆ ತುಕ್ಕು ಹಿಡಿಯುತ್ತದೆ ಅಂತ ಪರೀಕ್ಷೆಯಲ್ಲಿ ಬರೆದದ್ದಕ್ಕೂ ನಮ್ಮ ಮನೆಯ ಪಡಸಾಲೆಯಲ್ಲಿದ್ದ ಅಪ್ಪನ ಪೆಟ್ಟಿಗೆಗೂ ಸಂಬಂಧ ಇದೆ ಅಂತ ತಲೆಗೆ ಹೋಗಿರಲಿಲ್ಲ.

ನಮ್ಮೂರು ಗಳಗನಾಥ. ಹಾವೇರಿ ಜಿಲ್ಲೆಯಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುವ ಜಾಗ. ದಂಡೆ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ. ಓದುವ ಚಟ ಇದ್ದ ಹಿರಿಯರಿಗೆ ಊರ ಹೆಸರು ಹೇಳಿದರೆ ‘ಓ, ಕಾದಂಬರಿ ಬರೆದವರ ಊರಲ್ಲವಾ’ ಅನ್ನುತ್ತಾರೆ. ಹೌದು, ವೆಂಕಟೇಶ ತಿರಕೋ ಕುಲಕರ್ಣಿಯವರು ಈ ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು, ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ನಮ್ಮ ಮನೆತನದವರು ಹೊತ್ತದ್ದು ಬೇರೆ ಗಂಟು. ನಮ್ಮದು ಬಡಿಗತನ. ಅಜ್ಜನ ಕಾಲಕ್ಕೆ ಕೂರಿಗೆ, ಕುಂಟೆ, ಚಕ್ಕಡಿ. ಸುಗ್ಗಿಯಲ್ಲಿ ಆಯದ ಕಾಳು ಬರುತ್ತಿತ್ತು. ಅಪ್ಪನ ಕಾಲಕ್ಕೆ ಬಾಗಿಲು, ಕಿಟಕಿ, ಕಪಾಟು. ನನ್ನ ಕಾಲಕ್ಕೆ ಲ್ಯಾಪ್‌ಟಾಪ್.

2019ರ ಆಗಸ್ಟ್‌ನಲ್ಲಿ ವರದಾ, ತುಂಗಭದ್ರಾ ಎರಡೂ ತುಂಬಿ ಹರಿದವು. ನೀರು ನಮ್ಮ ಓಣಿವರೆಗೆ ಬರಲಿಲ್ಲ, ಆದರೆ ಬರುತ್ತದೆ ಅಂತ ಹೆದರಿಕೆ. ನಾನು ರಜೆ ಹಾಕಿ ಊರಿಗೆ ಹೋಗಿದ್ದೆ. ರಾತ್ರೋರಾತ್ರಿ ಸಾಮಾನು ಕಟ್ಟಿ ರಾಣೆಬೆನ್ನೂರಿನ ಅಕ್ಕನ ಮನೆಗೆ ಹೊರಟೆವು. ಅಪ್ಪ ದನ ಬಿಡಿಸಿಕೊಂಡು ಬರಲು ಹೋಗಿದ್ದ. ಅವನ ಪೆಟ್ಟಿಗೆ ಇಬ್ಬರು ಎತ್ತುವ ಭಾರ, ಟಂಟಂನಲ್ಲಿ ಜಾಗವಿಲ್ಲ. ನಾನು ಜಾಣತನ ಮಾಡಿ, ಮೂಲೆಯಲ್ಲಿದ್ದ ಖಾಲಿ ಪೊಟ್ಯಾಷ್ ಗೊಬ್ಬರದ ಚೀಲ ಝಾಡಿಸಿ ಎಲ್ಲವನ್ನೂ ಅದಕ್ಕೆ ಸುರುವಿ ಬಾಯಿ ಕಟ್ಟಿದೆ. ಉಳಿ ಮೇಲೆ ಸುತ್ತಿಗೆ, ಸುತ್ತಿಗೆ ಮೇಲೆ ರಂದಾ.

ಹನ್ನೆರಡು ದಿನ ಆದಮೇಲೆ ಚೀಲ ಬಿಚ್ಚಿದೆವು. ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಖಾಸಾ ತಮ್ಮ. ಚೀಲದ ಹೆಣಿಗೆಯಲ್ಲಿ ಉಳಿದ ಪುಡಿ ಮಳೆಗಾಲದ ಗಾಳಿಯ ತೇವಕ್ಕೆ ಕರಗಿ ಕಬ್ಬಿಣಕ್ಕೆ ಅಂಟಿತ್ತು. ಎಲ್ಲದರ ಮೇಲೂ ಕುಂಕುಮದ ಹಾಗೆ ಕೆಂಪು. ಗರಗಸದ ಹಲ್ಲು ನಾಲ್ಕು ಮುರಿದಿದ್ದವು. ಬೀಡು ಕಬ್ಬಿಣದ ರಂದಾದ ಮೂಲೆ ಎಗರಿತ್ತು. ಬೀಡು ಬಾಗುವುದಿಲ್ಲ, ಸೀದಾ ಒಡೆಯುತ್ತದೆ. ಮೇಲಿನ ತುಕ್ಕನ್ನು ಅಪ್ಪ ಚಿಮಣಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೆಗೆದ. ಆದರೆ ಅಜ್ಜನ ಅಗಲ ಉಳಿ ಹೋಯಿತು. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಊರ ಕಂಬಾರರು ಬಡಿದು ಕೊಟ್ಟಿದ್ದ ಉಳಿ ಅದು. ಉಳಿಯ ಹರಿತ ಅಂದರೆ ಎರಡು ಮೈ ಕೂಡುವ ಗೆರೆ. ಇಳಿಜಾರಿನ ಮೈಯನ್ನು ಎಷ್ಟು ಸಲ ಬೇಕಾದರೂ ಮಸೆಯಬಹುದು. ಹಿಂದಿನ ಸಪಾಟು ಮೈಯಲ್ಲಿ ಮೈಲಿ ಬೇನೆಯ ಕಲೆಯ ಹಾಗೆ ತಗ್ಗು ಬಿದ್ದರೆ, ಮಸೆದಷ್ಟೂ ಆ ತಗ್ಗು ಬಾಯಿಗೆ ಬಂದು ನಿಲ್ಲುತ್ತದೆ. ಬಾಯಿ ಯಾವತ್ತೂ ಬೋಕು ಬೋಕೇ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಉಳಿಯನ್ನು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಇಟ್ಟುಕೊಂಡ. ನಾನು ಊರಿಗೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

ಈ ವರ್ಷ ಮೇ ತಿಂಗಳಲ್ಲಿ ಅಪ್ಪ-ಅವ್ವ ಇಬ್ಬರನ್ನೂ ಬೆಂಗಳೂರಿಗೆ ಕರಕೊಂಡು ಬರುವುದು ಅಂತಾಯಿತು. ಅಪ್ಪನ ಮೊಣಕಾಲು ಕೈಕೊಟ್ಟಿದೆ, ಊರಲ್ಲಿ ಇಬ್ಬರೇ. ಹದಿನೈದು ದಿನ ಮೊದಲೇ ಫೋನ್ ಮಾಡಿ ‘ಸಾಮಾನ ಏನೂ ಬ್ಯಾಡೋ ತಮ್ಮಾ, ಗುಜರಿಯವಗ ಹಾಕಿಬಿಡ್ತೀನಿ. ಅಲ್ಲೆ ನಿಮ್ಮ ಮೂರನೇ ಮಾಳಿಗಿ ಮ್ಯಾಲ ನಾ ಏನ ಕೆತ್ತಲಿ’ ಅಂದ. ಹೊಸ ಸಾಮಾನು ಬೇಕಾದರೆ ತಗೊಳ್ಳಬಹುದಲ್ಲ ಅಂತ ಸಂಬಂಧಿಕರೊಬ್ಬರೂ ಹೇಳಿದರು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಇದೆ, ಸಲಕರಣೆಗೆ 15,000 ರೂಪಾಯಿವರೆಗೆ ಸಹಾಯ ಸಿಗುತ್ತದೆ. ಕೆಲಸ ಶುರು ಮಾಡುವ ಹುಡುಗರಿಗೆ ಒಳ್ಳೇದೇ. ಆದರೆ ನಲವತ್ತು ವರ್ಷ ಒಂದೇ ಅಂಗೈ ಹಿಡಿದು ಸವೆದ ರಂದಾದ ಹಿಡಿಕೆ ಯಾವ ವೋಚರಿಗೂ ಬರುವುದಿಲ್ಲ. ನಾನು ವಾರ ರಜೆ ಹಾಕಿ ಊರಿಗೆ ಹೋದೆ. ಈ ಸಲ ಅಪ್ಪ ಹೊರಸಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು.

ಮೊದಲು ಒರೆಸುವುದು. ಕೈ ಬೆವರಲ್ಲಿ ಉಪ್ಪಿದೆ. ಮುಟ್ಟಿ ಹಾಗೇ ಇಟ್ಟರೆ ಬೆರಳಿನ ಗುರುತೇ ತುಕ್ಕಾಗಿ ಏಳುತ್ತದೆ. ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಅರ್ಧ ತಾಸು ಇಟ್ಟು, ಆಮೇಲೆ ಎಣ್ಣೆ. ಯಾವ ಎಣ್ಣೆ ಅನ್ನುವುದರಲ್ಲಿ ನಾನು ಮತ್ತೆ ಎಡವುತ್ತಿದ್ದೆ. ಅಡುಗೆಮನೆಯಿಂದ ಕುಸುಬಿ ಎಣ್ಣೆ ತಂದೆ. ಅಪ್ಪ ನಕ್ಕ. ‘ಅದು ಗೋಂದ ಆಗತೈತಿ. ಹೊಲಿಗಿ ಮಷಿನ್ ಎಣ್ಣಿ ತಾ.’ ಕುಸುಬಿ, ಅಗಸಿ ಇವೆಲ್ಲ ಗಾಳಿಗೆ ಒಣಗಿ ಬಿಗಿಯುವ ಎಣ್ಣೆಗಳು. ಕಬ್ಬಿಣಕ್ಕೆ ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತವೆ. ಅದೇ ಗುಣ ಕಟ್ಟಿಗೆಗೆ ಒಳ್ಳೇದು. ಹಾಗಾಗಿ ಅಲಗಿಗೆ ಮಷಿನ್ ಎಣ್ಣೆ, ಹಿಡಿಕೆಗೆ ಅಗಸಿ ಎಣ್ಣೆ. ಎರಡೂ ತೆಳ್ಳಗೆ, ಹಚ್ಚಿ ಒರೆಸಿದ ಹಾಗೆ.

ಸುತ್ತಲು ನಾನು ಪೇಪರ್ ತಂದಿದ್ದೆ. ಅವ್ವ ಅದನ್ನು ಪಕ್ಕಕ್ಕೆ ಸರಿಸಿದಳು. ಪೇಪರ್ ತೇವ ಹೀರಿಕೊಂಡು ಕಬ್ಬಿಣದ ಮೈಗೇ ಹಿಡಿದಿಟ್ಟುಕೊಳ್ಳುತ್ತದೆ. ಬರೇ ಪ್ಲಾಸ್ಟಿಕ್ ಚೀಲ ಇನ್ನೂ ಕೆಟ್ಟದ್ದು, ರಾತ್ರಿ ತಂಪಿಗೆ ಒಳಗೇ ಬೆವರುತ್ತದೆ. ಅವ್ವ ಹಳೇ ಕೌದಿಯೊಂದನ್ನು ಎರಡು ದಿನ ಬಿಸಿಲಿಗೆ ಹಾಕಿ, ಒಂದು ಅಂಚು ಮಡಚಿ, ಹದಿನಾಲ್ಕು ಕಿಸೆ ಹೊಲಿದಳು. ಕಾಲಂಗುಲದ ಉಳಿಗೆ ಸಣ್ಣ ಕಿಸೆ, ಎರಡಂಗುಲದ್ದಕ್ಕೆ ದೊಡ್ಡದು. ಮೇಲಿನ ಅಂಚನ್ನು ಮುಚ್ಚಳದ ಹಾಗೆ ಬಿಟ್ಟಿದ್ದರಿಂದ ಉಳಿ ಜಾರಿ ಹೊರಬರುವುದಿಲ್ಲ. ಪ್ರತಿ ಉಳಿಯ ಬಾಯಿಗೆ ಹಳೇ ರಬ್ಬರ್ ಚಪ್ಪಲಿಯ ತುಂಡು ಕೊಯ್ದು ಟೊಪ್ಪಿಗೆ. ಸೈಕಲ್ ಟ್ಯೂಬು ಕತ್ತರಿಸಿದ ಉಂಗುರ ಹಾಕಿದರೆ ಟೊಪ್ಪಿಗೆ ಬೀಳುವುದಿಲ್ಲ. ಸುತ್ತಿ ಕಟ್ಟಿದಾಗ ಅದು ತೊಟ್ಟಿಲ ಕೂಸಿನ ಹಾಗೆ ಕಾಣುತ್ತಿತ್ತು. ಕೌದಿ ನನ್ನ ಅಜ್ಜಿಯ ಸೀರೆಗಳದ್ದು ಅಂತ ಅವ್ವ ಆಮೇಲೆ ಹೇಳಿದಳು.

ಗರಗಸಕ್ಕೆ ವೈರಿಂಗ್ ಪೈಪು ಸೀಳಿ ಹಲ್ಲಿನ ಉದ್ದಕ್ಕೂ ಸಿಕ್ಕಿಸಿದೆವು. ಗರಗಸದ ಮೇಲೆ ಭಾರ ಹೇರಬಾರದು, ಒಮ್ಮೆ ಡೊಂಕಾದರೆ ಕೊಯ್ಲು ಸೀದಾ ಬರುವುದಿಲ್ಲ. ಎರಡು ಹಲಗೆಯ ನಡುವೆ ಇಟ್ಟು ಕಟ್ಟಿದೆವು. ರಂದಾದ ಅಲಗನ್ನು ಒಳಗೆ ಎಳೆದು, ಕಟ್ಟಿಗೆ ರಂದಾದ ಬೆಣೆಯನ್ನು ಸಡಿಲು ಮಾಡಿ, ಆದರೆ ಪೂರ್ತಿ ತೆಗೆಯದೆ ಬಿಟ್ಟೆವು. ಬಿಗಿಯಾಗಿ ಬಿಟ್ಟರೆ ಹವೆ ಬದಲಾದಾಗ ಕಟ್ಟಿಗೆ ಉಬ್ಬಿ ಮೈ ಸೀಳಬಹುದು. ಬಾಚಿಯ ಕಾವು ತೆಗೆದು ಬೇರೆ ಕಟ್ಟಿದೆವು. ಸಡಿಲಾದ ಕಾವನ್ನು ನೀರಲ್ಲಿ ನೆನೆಹಾಕುವವರಿದ್ದಾರೆ. ಅವತ್ತಿಗೆ ಬಿಗಿಯುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಸಾಣೆಕಲ್ಲಿಗೆ ಪ್ರತ್ಯೇಕ ಡಬ್ಬಿ, ಸುತ್ತ ಅರಿವೆ. ಕಬ್ಬಿಣದ ಪಕ್ಕ ಇಟ್ಟರೆ ಹೋಳು. ಗಿರಮಿಟ್‌ನ ಹಲ್ಲಿನ ಗಾಲಿಗೆ ಮಷಿನ್ ಎಣ್ಣೆ. (ಬೆಂಗಳೂರಲ್ಲಿ ಹುಟ್ಟಿದ ನನ್ನ ಹೆಂಡತಿಗೆ ಗಿರಮಿಟ್ ಅಂದರೆ ನಮ್ಮ ಕಡೆಯ ಚುರುಮುರಿ ಮಾತ್ರ. ತೂತು ಕೊರೆಯುವ ಗಿರಮಿಟ್ ನೋಡಿ ಇದನ್ನೂ ತಿಂತೀರಾ ಅಂತ ಕೇಳಿದಳು.)

ಅಪ್ಪನ ದೊಡ್ಡ ಪೆಟ್ಟಿಗೆಯನ್ನು ಖಾಲಿಯಾಗೇ ಒಯ್ಯೋಣ ಅಂದೆ. ಕಬ್ಬಿಣವೆಲ್ಲ ಒಂದೇ ಕಡೆ ತುಂಬಿದರೆ ಎತ್ತುವವರು ಎತ್ತದೆ ಕೆಡವುತ್ತಾರೆ. ನಾಲ್ಕು ಸಣ್ಣ ಪೆಟ್ಟಿಗೆ ಮಾಡಿ, ಒಂದೊಂದನ್ನೂ ಒಬ್ಬನೇ ಎತ್ತುವಷ್ಟು ತುಂಬಿ, ಏನೇನಿದೆ ಅಂತ ಫೋಟೋ ತೆಗೆದು, ಮುಚ್ಚಳದ ಮೇಲೆ ಬರೆದೆ. ಒಳಗೆ ಕರ್ಪೂರದ ಬಿಲ್ಲೆ, ಬೂಟಿನ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣ. ಒಂದು ಸುತ್ತಿಗೆ, ಸ್ಕ್ರೂಡ್ರೈವರ್, ಇಕ್ಕಳ ಮಾತ್ರ ಹೊರಗೆ. ಮಂಚ ಬಿಚ್ಚಲು, ಜೋಡಿಸಲು ಅವು ಬೇಕು. ಎಲ್ಲವನ್ನೂ ಚಂದ ಪ್ಯಾಕ್ ಮಾಡಿ ಕೊನೆಗೆ ಸ್ಕ್ರೂಡ್ರೈವರಿಗೆ ಪೆಟ್ಟಿಗೆ ಒಡೆಯುವವರನ್ನು ನಾನು ನೋಡಿದ್ದೇನೆ, ಅದೂ ಕನ್ನಡಿಯಲ್ಲಿ.

ಅಪ್ಪ ಒಂದೇ ಷರತ್ತು ಹಾಕಿದ. ಖಂಡೇಪೂಜೆಗೆ ಹಚ್ಚುವ ಹಾಗೆ ಪೆಟ್ಟಿಗೆಗಳಿಗೆ ವಿಭೂತಿ, ಕುಂಕುಮ ಹಚ್ಚಿ ಹೊರಡಬೇಕು. ಹಚ್ಚಿದೆವು. ಬ್ಯಾಡಗಿ ಮೆಣಸಿನಕಾಯಿ ಹೇರಿ ಹೇರಿ ಘಾಟು ಹತ್ತಿದ ಟೆಂಪೋದಲ್ಲಿ ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು ದಾರಿ, ದಾರಿಯುದ್ದಕ್ಕೂ ಸೀನು.

ಗುಣ್ಯಾ ಒಂದನ್ನು ನಾನು ಟೆಂಪೋಕ್ಕೆ ಹಾಕಲಿಲ್ಲ. ಮೂಲೆ ಅಳೆಯುವ, ಒಂದೇ ತುಂಡಿನ ಉಕ್ಕಿನ ಸಣ್ಣ ಗುಣ್ಯಾ. ನಾಜೂಕಿನ ವಸ್ತು ಅಂತ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಟ್ಟುಕೊಂಡೆ.

ಬೆಂಗಳೂರಿಗೆ ಬಂದ ಮೂರನೇ ದಿನ ಪೆಟ್ಟಿಗೆ ಬಿಚ್ಚಿದೆವು. ಅಪ್ಪ ಒಂದೊಂದೇ ಉಳಿಯ ಟೊಪ್ಪಿಗೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಬಾಯಿ ನೋಡಿದ. ಹರಿತವಾದ ಬಾಯಿಯಲ್ಲಿ ಬೆಳಕು ನಿಲ್ಲುವುದಿಲ್ಲ. ಬೋಕಾದಲ್ಲಿ, ಚಕ್ಕೆ ಎದ್ದಲ್ಲಿ ಬಿಳಿ ಚುಕ್ಕೆ ಹೊಳೆಯುತ್ತದೆ. ಹದಿಮೂರು ಉಳಿ, ಒಂದರಲ್ಲೂ ಚುಕ್ಕೆ ಇಲ್ಲ. ಹದಿನಾಲ್ಕನೇ ಕಿಸೆಯಲ್ಲಿ ಅಜ್ಜನ ಆ ಹಾಳಾದ ಉಳಿ ಇತ್ತು. ಅವ್ವ ಅದಕ್ಕೂ ಕಿಸೆ ಹೊಲಿದಿದ್ದಳು, ಯಾರೋ ಅದಕ್ಕೂ ಎಣ್ಣೆ ಒರೆಸಿದ್ದರು. ನಾನಲ್ಲ.

ಆಮೇಲೆ ಗುಣ್ಯಾ. ಹಲಗೆಯ ಸೀದಾ ಅಂಚಿಗೆ ಹಚ್ಚಿ ಒಂದು ಗೀಟು ಎಳೆದ. ಮಗುಚಿ ಹಚ್ಚಿ, ಅದೇ ಬಿಂದುವಿನಿಂದ ಇನ್ನೊಂದು ಗೀಟು. ಎರಡೂ ಒಂದರ ಮೇಲೊಂದು ಕೂತರೆ ಮೂಲೆ ಸರಿ. ಕೂರಲಿಲ್ಲ. ತುದಿಯಲ್ಲಿ ದಾರ ಹಾಯುವಷ್ಟು ಅಂತರ, ಅಂದರೆ ಗುಣ್ಯಾ ಅದರ ಅರ್ಧದಷ್ಟು ಸೊಟ್ಟ. ರಾಣೆಬೆನ್ನೂರಲ್ಲಿ ಚಹಾ ಕುಡಿಯಲು ಇಳಿದಾಗ ನನ್ನ ಬ್ಯಾಗು ಹೆಗಲಿಂದ ಜಾರಿ ಮೆಟ್ಟಿಲ ಮೇಲೆ ಬಿದ್ದದ್ದು ನೆನಪಾಯಿತು. ಹೇಳಿದೆ.

‘ಲ್ಯಾಪ್‌ಟಾಪ್?’ ಅಂದ ಅಪ್ಪ.

‘ಅದಕ್ಕೇನೂ ಆಗಿಲ್ಲ.’

‘ಅದರ ಮ್ಯಾಲ ಬೀಳಲಿಲ್ಲ ಅಂದ್ರ ಇದರ ಮ್ಯಾಲ ಬಿದ್ದೈತಿ. ಪಂಚ್ ತಾ, ಸಣ್ಣ ಸುತ್ತಗಿ ತಾ.’

ಕೋನ ಸ್ವಲ್ಪ ಮುಚ್ಚಿಕೊಂಡಿತ್ತು. ಅಪ್ಪ ಬಾಲ್ಕನಿಯಲ್ಲಿ ಗುಣ್ಯಾವನ್ನು ಕಬ್ಬಿಣದ ತುಂಡಿನ ಮೇಲೆ ಮಲಗಿಸಿ, ಒಳಮೂಲೆಯ ಹತ್ತಿರ ಪಂಚ್ ಇಟ್ಟು ಒಂದು ಪೆಟ್ಟು ಹಾಕಿದ. ಅಲ್ಲಿ ಲೋಹ ಹಿಗ್ಗಿದರೆ ಕೋನ ತೆರೆಯುತ್ತದೆ. ಹೊರಮೂಲೆಯಲ್ಲಿ ಹೊಡೆದರೆ ಮುಚ್ಚುತ್ತದೆ. ಗೀಟು ಎಳೆದು ನೋಡಿದ. ಇನ್ನೊಂದು ಪೆಟ್ಟು, ಮತ್ತೆ ಗೀಟು. ಮೂರನೇ ಪೆಟ್ಟಿಗೆ ಎರಡೂ ಗೀಟು ಕೂಡಿದವು. ಕೆಳಗಿನ ಮನೆಯವರು ಶಬ್ದ ಕೇಳಿ ತಲೆ ಹೊರಹಾಕಿ ನೋಡಿದರು.

‘ಸೊಸಿ ಚಪ್ಪಲ್ ಇಡಾಕ ಏನರ ಬೇಕಂತಿದ್ಲಲ್ಲ, ಬಾಗಲ ಹಿಂದಿನ ಜಾಗದ ಅಳತಿ ತಗೊಂಬಾ’ ಅಂದ ಅಪ್ಪ, ನನ್ನ ಕಡೆ ನೋಡದೆ.