ಕಲ್ಲುಹಾದಿಗೆ ಹದಗೊಂಡ ಫೋರ್ಕು

ಸಕಲೇಶಪುರದ ಕಾಫಿ ತೋಟಗಳಾಚೆಯ ಕಲ್ಲುಹಾದಿಗೆ ಮೋಟಾರು ಸೈಕಲನ್ನೊಯ್ದ ತರುಣನು ಮನೆಗೆ ಮರಳಿದಾಗ, ಅವನ ಕೈಗಳು ಕಾಫಿಯ ಲೋಟವನ್ನೂ ಹಿಡಿಯಲಾರದಷ್ಟು ಸೋತಿರುತ್ತವೆ. ತಾಯಿ ರಸ್ತೆಯನ್ನು ಶಪಿಸುತ್ತಾಳೆ, ತಂದೆ ವಾಹನವನ್ನು. ಬಹುಮಟ್ಟಿಗೆ ತಪ್ಪು ಎರಡರದೂ ಅಲ್ಲ. ಮುಂಗಾಲಿಯನ್ನು ಹಿಡಿದಿರುವ ಕೊಳವೆಗಳೊಳಗಿನ ಸ್ಪ್ರಿಂಗು ಮತ್ತು ಎಣ್ಣೆ ಆ ಸವಾರನ ತೂಕಕ್ಕೂ ಆ ನೆಲಕ್ಕೂ ಹೊಂದಿಕೊಂಡಿಲ್ಲ, ಅಷ್ಟೆ.

ಒಂದರೊಳಗೊಂದು ಜಾರುವ ಈ ಕೊಳವೆಗಳ ಜೋಡಿಯೇ ಫೋರ್ಕು. ಎಣ್ಣೆಯ ತಡೆಯುಳ್ಳ ಇಂಥ ಫೋರ್ಕನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು 1935ರಲ್ಲಿ ತನ್ನ ಆರ್-12 ವಾಹನಕ್ಕೆ ಅಳವಡಿಸಿ ಮಾರಾಟಕ್ಕೆ ತಂದಿತು. ಸ್ಪ್ರಿಂಗು ಭಾರವನ್ನು ಹೊರುತ್ತದೆ, ಎಣ್ಣೆ ವೇಗವನ್ನು ತಡೆಯುತ್ತದೆ. ಎಣ್ಣೆಯಿಲ್ಲದಿದ್ದರೆ ಗಾಲಿಯು ಕಲ್ಲನ್ನು ಹತ್ತಿಳಿದ ಮೇಲೂ ಪುಟಿಯುತ್ತಲೇ ಇದ್ದೀತು. ಪುಟಿಯುವ ಗಾಲಿಗೆ ನೆಲದ ಹಿಡಿತವಿಲ್ಲ. ಹಿಡಿತವಿಲ್ಲದ ಮೇಲೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಆದುದರಿಂದ ಇದು ಸುಖದ ಪ್ರಶ್ನೆಗಿಂತ ಮಿಗಿಲಾಗಿ ಮೂಳೆಗಳ ಪ್ರಶ್ನೆ.

ಹದಗೊಳಿಸುವ ಕೆಲಸ ಸವಾರನ ತೂಕದಿಂದ ಆರಂಭವಾಗತಕ್ಕದ್ದು. ಮುಂಗಾಲಿಯನ್ನು ನೆಲದಿಂದೆತ್ತಿ, ಫೋರ್ಕು ಪೂರ್ತಿ ಚಾಚಿದಾಗಿನ ಉದ್ದವನ್ನು ಅಳೆಯಬೇಕು. ಅನಂತರ ಬೂಟು, ಹೆಲ್ಮೆಟ್ಟು ಸಮೇತ ಸವಾರನನ್ನು ಕೂರಿಸಿ ಮತ್ತೊಮ್ಮೆ ಅಳೆಯಬೇಕು. ಇವೆರಡರ ಅಂತರವು ಫೋರ್ಕಿನ ಒಟ್ಟು ಚಲನೆಯ ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗಿದ್ದರೆ ಕಲ್ಲುಹಾದಿಗೆ ಸರಿ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ವಾಹನದ ಮುಂಗಾಲಿಗೆ 200 ಮಿ.ಮೀ. ಚಲನೆಯುಂಟು; ಅದಕ್ಕೆ 50ರಿಂದ 65 ಮಿ.ಮೀ. ಇಳಿತ ಯೋಗ್ಯ. ಹೆಚ್ಚು ಇಳಿದರೆ ಸ್ಪ್ರಿಂಗಿನ ಮೇಲೆ ಬಿಲ್ಲೆಯಿಟ್ಟು ಅದನ್ನು ಮೊದಲೇ ಒತ್ತಿಡುವುದುಂಟು. ಇದರಿಂದ ಸ್ಪ್ರಿಂಗು ಗಟ್ಟಿಯಾಯಿತೆಂದು ಅನೇಕರು ಭ್ರಮಿಸುತ್ತಾರೆ. ವಾಹನದ ಮುಂಭಾಗ ಮೇಲೇರುತ್ತದೆಯೇ ಹೊರತು ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಸವಾರ ಭಾರಿ ಆಳಾದರೆ ಸ್ಪ್ರಿಂಗನ್ನೇ ಬದಲಿಸಬೇಕು.

ಇನ್ನು ಎಣ್ಣೆ. ಜಾಣರೂ ಎಡವುವುದು ಇಲ್ಲಿಯೇ. ಫೋರ್ಕು ಕುಗ್ಗುವಾಗ ಒಂದು ತಡೆ, ಮರಳಿ ಚಾಚುವಾಗ ಇನ್ನೊಂದು ತಡೆ. ಚಾಚುವಾಗಿನ ತಡೆ ಅತಿಯಾಯಿತೆನ್ನಿ. ತಗಡಿನ ಚಾವಣಿಯಂತೆ ಅಲೆಯಲೆಯಾದ ಹಾದಿಯಲ್ಲಿ ಮೊದಲ ಉಬ್ಬಿಗೆ ಕುಗ್ಗಿದ ಫೋರ್ಕು ಪೂರ್ತಿ ಚಾಚುವ ಮೊದಲೇ ಎರಡನೆಯ ಉಬ್ಬು ಬಂದು ತಟ್ಟುತ್ತದೆ, ಅದರ ಬೆನ್ನಿಗೇ ಮೂರನೆಯದು. ಪ್ರತಿ ಪೆಟ್ಟಿಗೂ ಫೋರ್ಕು ಇನ್ನಷ್ಟು ಕುಳ್ಳಾಗಿ ಕೊನೆಗೆ ಅಲುಗದ ಕಂಬದಂತಾಗುತ್ತದೆ. ಕೈ ನೋಯುವ ಸವಾರನು ಫೋರ್ಕು ಗಟ್ಟಿಯಾಯಿತೆಂದು ತಿಳಿದು ಕುಗ್ಗುವ ತಡೆಯನ್ನು ಸಡಿಲಿಸುತ್ತಾನೆ. ಅದು ಇನ್ನೂ ಕುಸಿಯುತ್ತದೆ! ರೋಗವೊಂದು, ಮದ್ದೊಂದು. ಸಡಿಲಿಸಬೇಕಾದದ್ದು ಚಾಚುವ ತಡೆಯನ್ನು. ಅದನ್ನೂ ಅತಿಯಾಗಿ ಸಡಿಲಿಸಿದರೆ, ಪ್ರತಿ ಕಲ್ಲಿನ ತರುವಾಯ ಹ್ಯಾಂಡಲ್ ಎದೆಯತ್ತ ಜಿಗಿಯುತ್ತದೆ.

2023ರ ಹೀರೋ ಎಕ್ಸ್‌ಪಲ್ಸ್ 200 4ವಿ ಪ್ರೊ ಮಾದರಿಗೆ 250 ಮಿ.ಮೀ. ಚಲನೆಯ ಫೋರ್ಕನ್ನೂ ಹೊಂದಿಸಿಕೊಳ್ಳುವ ತಿರುಪುಗಳನ್ನೂ ಕೊಟ್ಟಿದ್ದಾರೆ. ತಿರುಪುಗಳಿಲ್ಲದ ಸರಳ ಫೋರ್ಕಿನಲ್ಲಿ ಎಣ್ಣೆಯನ್ನೇ ಬದಲಿಸಬೇಕು. ಆದರೆ ಮಂದವಾದ ಎಣ್ಣೆ ಎರಡು ತಡೆಗಳನ್ನೂ ಒಟ್ಟಿಗೆ ಏರಿಸುತ್ತದೆ. ಅಲ್ಲದೆ ಸರಳ ರಂಧ್ರದ ಮೂಲಕ ನುಗ್ಗುವ ಎಣ್ಣೆಯ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಹಳ್ಳಕ್ಕೆ ಮೆಲ್ಲನೆ ಇಳಿಯುವಾಗ ಮೆತ್ತಗಿದ್ದ ಫೋರ್ಕು ಚೂಪುಗಲ್ಲಿಗೆ ಕಬ್ಬಿಣವಾಗುವುದು ಇದರಿಂದಲೇ. ಫೋರ್ಕು ತಳ ಮುಟ್ಟುವುದಷ್ಟೇ ತೊಂದರೆಯಾದರೆ ಎಣ್ಣೆಯ ಮಟ್ಟವನ್ನು ಕೆಲವೇ ಮಿಲಿಮೀಟರು ಏರಿಸಿದರೂ ಸಾಕಾದೀತು. ಮೇಲಿನ ಗಾಳಿಗೆ ಜಾಗ ಕಿರಿದಾಗಿ, ಚಲನೆಯ ಕೊನೆಯಲ್ಲಿ ಅದೇ ಇನ್ನೊಂದು ಸ್ಪ್ರಿಂಗಾಗುತ್ತದೆ.

ಪರೀಕ್ಷೆಗೆ ಒಂದು ಕಿಲೋಮೀಟರು ಕೆಟ್ಟ ಹಾದಿ ಸಾಕು. ಆದರೆ ಪ್ರತಿ ಸಲವೂ ಅದೇ ಹಾದಿ, ಅದೇ ವೇಗ, ಟೈರಿನಲ್ಲಿ ಅದೇ ಗಾಳಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ ಪುಸ್ತಕದಲ್ಲಿ ಬರೆದಿಡಬೇಕು. ಜಾರುವ ಕೊಳವೆಗೆ ಒಂದು ಕೇಬಲ್ ಟೈ ಸಡಿಲವಾಗಿ ಕಟ್ಟಿದರೆ, ಫೋರ್ಕು ಎಲ್ಲಿಯವರೆಗೆ ಕುಗ್ಗಿತ್ತೆಂಬುದನ್ನು ಅದು ತೋರಿಸುತ್ತದೆ. ಬೆಳಗಿನ ಚಳಿಯಲ್ಲಿ ಎಣ್ಣೆ ಮಂದವಾಗಿರುವುದರಿಂದ ಮೊದಲ ಕೆಲವು ಕಿಲೋಮೀಟರುಗಳ ಅನುಭವವನ್ನು ಪುಸ್ತಕದಲ್ಲಿ ಸೇರಿಸಬಾರದು.